ಮೊಣಕಾಲುದ್ದ ನೀರು

ಜನವರಿ 6

ಅಕ್ಕಾ,

ನಿನ್ನ ಕಾಗದವೂ ಮೂರು ಬಣ್ಣದ ಪುಸ್ತಿಕೆಗಳೂ ತಲುಪಿದವು. ಲಕೋಟೆಯ ಒಂದು ಮೂಲೆ ಒದ್ದೆಯಾಗಿತ್ತು. ಏನಾದರೂ ಅಳಿಸಿಹೋಯಿತೋ ಎಂದು ಒಂದೊಂದೇ ಹಾಳೆ ಬೆಳಕಿಗೆ ಹಿಡಿದು ನೋಡಿದೆ. ಏನೂ ಆಗಿಲ್ಲ. ಆದರೂ ಮುಂದಿನ ಸಲ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕಳಿಸು.

ಫೋನಿನಲ್ಲಿ ಈ ವಿಷಯ ಎತ್ತಿದರೆ ಇಬ್ಬರೂ ಕಿರುಚಾಡುತ್ತೇವೆ, ಮೀನಿನ ಮಾತು ಏನಿದ್ದರೂ ಬರೆದೇ ತಿಳಿಸು ಎಂದಿದ್ದೀಯ. ಆಗಲಿ. ನನಗೆ ಬರೆಯುವುದೆಂದರೆ ಏಳನೇ ಕ್ಲಾಸಿನ ಬೆಂಚಿನ ಮೇಲೆ ಮತ್ತೆ ಕೂರಿಸಿದ ಹಾಗೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ಭಾವ ಹೋಗಿ ಎರಡು ವರ್ಷವಾದ ಮೇಲೆ ನಿನಗೆ ಮತ್ತೆ ಸಮುದ್ರದ ಆಸೆ ಬಂದದ್ದು ನನಗೆ ಸಂತೋಷವೇ. ಏಪ್ರಿಲಿಗೆ ನನ್ನನ್ನೂ ಕರೆದೆಯಲ್ಲ, ಅದು ಇನ್ನೂ ಸಂತೋಷ. ಆದರೆ ‘ಮೂರರಲ್ಲಿ ಒಂದು ಆರಿಸು’ ಎಂದೆಯಲ್ಲ, ಆಗಿನಿಂದ ಪುಸ್ತಿಕೆಗಳನ್ನು ತಿರುವಿ ಹಾಕುವುದೇ ಕೆಲಸವಾಗಿದೆ.

ಮೊದಲನೆಯದು, ಉಂಗುರದಂತಿರುವ ಹವಳದ ದ್ವೀಪ. ಅಲ್ಲಿಗೆ ಪುಟ್ಟ ವಿಮಾನದಲ್ಲಿ ಹೋಗಬೇಕು. ಪುಸ್ತಿಕೆಯಲ್ಲಿ ಪೈಲಟನ ಫೋಟೋ ನೋಡಿದೆಯಾ? ಬರಿಗಾಲಲ್ಲಿ ನಿಂತಿದ್ದಾನೆ. ಕಾಲಿಗೆ ಚಪ್ಪಲಿ ಹುಡುಕಿಕೊಳ್ಳಲಾಗದವನು ದ್ವೀಪ ಹುಡುಕುತ್ತಾನೆಯೇ?

ಮೂರನೆಯದು, ಮರಳ ದಿಬ್ಬ. ಅಲ್ಲಿ ದೋಣಿಯೇ ಇಲ್ಲ. ಮೊಣಕಾಲುದ್ದದ ಉಪ್ಪುನೀರು ಬಯಲಿನ ಹಾಗೆ ಹರಡಿಕೊಂಡಿದೆಯಂತೆ, ಅದರೊಳಗೆ ನಡೆದುಕೊಂಡೇ ಮೀನು ಹುಡುಕಬೇಕಂತೆ. ಮರಳಿನಡಿ ತೊರಕೆ ಮೀನು ಮಲಗಿರುತ್ತದೆ, ಬಾಲದಲ್ಲಿ ಮುಳ್ಳು. ಡಾಕ್ಟರು ವಾರಕ್ಕೊಮ್ಮೆ ಫೆರ್ರಿಯಲ್ಲಿ ಬರುತ್ತಾರೆ ಎಂದು ಅವರೇ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ಮುಳ್ಳು ಚುಚ್ಚಿಸಿಕೊಳ್ಳುವವನು ವಾರ ನೋಡಿ ಚುಚ್ಚಿಸಿಕೊಳ್ಳಬೇಕೇನು?

ಉಳಿದದ್ದು ಎರಡನೆಯದು, ಉಪ್ಪುನೀರಲ್ಲೇ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಗಿಡಗಳ ಕೊಲ್ಲಿ. ಸೊಳ್ಳೆ ವಿಪರೀತ, ಫೋಟೋದಲ್ಲಿ ಎಲ್ಲರೂ ಮೂಗಿನವರೆಗೆ ಬಟ್ಟೆ ಸುತ್ತಿಕೊಂಡಿದ್ದಾರೆ. ಆದರೆ ಒಳ್ಳೆಯ ದೋಣಿ ಇದೆ, ಉದ್ದ ಕೋಲು ಹಿಡಿದು ದೋಣಿ ತಳ್ಳುವ ಅನುಭವಸ್ಥರಿದ್ದಾರೆ. ಕಾಲು ನೆಲಕ್ಕೆ ತಾಗಿಸಬೇಕಿಲ್ಲ. ನನ್ನ ಓಟು ಅದಕ್ಕೆ.

ಇವಳು ಕೇಳಿದಳು, “ಹಿಡಿದ ಮೀನನ್ನ ಮತ್ತೆ ನೀರಿಗೇ ಬಿಡ್ತೀರಂತಲ್ಲ, ಅದಕ್ಕೆ ಅಷ್ಟು ದೂರ ಹೋಗ್ಬೇಕಾ?” ಇದಕ್ಕೆ ಉತ್ತರ ನೀನೇ ಬರಿ.

ತಮ್ಮ

*

ಜನವರಿ 15

ಗಾಬರಿರಾಯನಿಗೆ,

ಮೂರು ಜಾಗ ಕಳಿಸಿದೆ, ಮೂವತ್ತು ಭಯ ವಾಪಸ್ ಬಂದವು. ಪೈಲಟನ ಕಾಲು ನೋಡಿಕೊಂಡು ವಿಮಾನ ಹತ್ತುವವನನ್ನು ಈವರೆಗೆ ಕಂಡಿರಲಿಲ್ಲ.

ನಿನ್ನ ಹೆಂಡತಿಗೆ ಹೇಳು: ಬೋನ್‌ಫಿಶ್ ತಿನ್ನುವುದಕ್ಕಲ್ಲ. ಬರೀ ಮುಳ್ಳು. ಬೂದು ನೀರಿನಲ್ಲಿ ಬೂದು ಮೀನು, ಅದರ ಮೈಗಿಂತ ನೆರಳೇ ಚೆನ್ನಾಗಿ ಕಾಣುತ್ತದೆ. ಅದನ್ನು ಕಣ್ಣಲ್ಲಿ ಕಂಡು, ಕೊಕ್ಕೆಗೆ ಗರಿ ನೂಲು ಸುತ್ತಿ ಮಾಡಿದ ಸುಳ್ಳು ಸಿಗಡಿಯನ್ನು ಅದರ ಮೂಗಿನ ಮುಂದೆ ಬೀಳಿಸಿ, ಅದು ನಂಬುವಂತೆ ಮಾಡಬೇಕು. ಅಷ್ಟೇ ಆಟ. ಆಮೇಲೆ ಅದರ ದಾರಿ ಅದಕ್ಕೆ.

ನನಗೆ ಬೇಕಾದದ್ದು ಮೂರನೆಯದು, ನಡೆಯುವ ಜಾಗ. ತೊರಕೆಗೆ ಕಾಲು ಎತ್ತಿಡದೆ ಮರಳಲ್ಲಿ ಎಳೆದುಕೊಂಡು ನಡೆದರಾಯಿತು, ಸದ್ದಿಗೆ ಅದೇ ಓಡುತ್ತದೆ. ದೋಣಿ ಬೇಡ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಸ್ಟೂಲಿನ ಮೇಲೆ ಕೂತು ಗಾಜು ಉಜ್ಜುತ್ತೇನೆ. ಅಲ್ಲೂ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ.

ಹೂಂ ಅಂತ ಒಂದು ಸಾಲು ಬರೆ. ಒಂದೇ ಸಾಲು.

ಅಕ್ಕ

*

ಜನವರಿ 24

ಅಕ್ಕಾ,

ಸೊಂಟದ ವಿಷಯ ಮೊದಲೇ ಹೇಳಬಾರದಿತ್ತಾ? ಎರಡು ದಿನ ನಿದ್ದೆ ಬರಲಿಲ್ಲ. ಕೊನೆಗೆ ಏಜೆಂಟಿಗೆ ಫೋನು ಮಾಡಿದೆ. ಕಾಂಡ್ಲಾ ಕೊಲ್ಲಿಯಲ್ಲಿ ಒಂದು ದೋಣಿಗೆ ಮೆತ್ತನೆಯ ಸೀಟು ಇದೆಯಂತೆ, ಬೆನ್ನಿಗೆ ಒರಗುವ ಹಲಗೆಯೂ ಇದೆಯಂತೆ! ಹಿಂದಕ್ಕೆ ಒರಗಿ ಕಾಲು ಚಾಚಿ ರಾಣಿಯ ಹಾಗೆ ಕೂರಬಹುದು. ಈಗೇನು ಹೇಳುತ್ತೀಯ?

ನಾನು ಅಭ್ಯಾಸ ಶುರು ಮಾಡಿದ್ದೇನೆ. ಭಾವ ಹೇಳಿಕೊಟ್ಟಿದ್ದು ನೆನಪಿದೆ: ದೋಣಿಯ ಮೂತಿ ಹನ್ನೆರಡು ಗಂಟೆ, ಬಲಗಡೆ ಮೂರು, ಎಡಗಡೆ ಒಂಬತ್ತು. ಮೀನು ಕಂಡವರು ಗಂಟೆ ಕೂಗುತ್ತಾರೆ, ಗಾಳ ಹಿಡಿದವನು ಆ ಕಡೆಗೆ ದಾರ ಬೀಸಬೇಕು. ಭಾನುವಾರ ತಾರಸಿಯಲ್ಲಿ ನಾನು ನಿಂತೆ, ಇವಳು ನೀರಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಕೂಗಿದಳು. “ಮೂರು ಗಂಟೆ! ... ಹತ್ತು ಗಂಟೆ! ... ರೀ, ಹತ್ತು ಅಂದ್ರೆ ಆ ಕಡೆ!” ಕೆಳಗಿನ ಮನೆಯ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನಮ್ಮಾ, ನಿಮ್ಮನೆ ಗಡಿಯಾರ ಕೆಟ್ಟಿದ್ಯಾ? ಈಗಿನ್ನೂ ಮೂರು ಅಂದೆ, ಅಷ್ಟರಲ್ಲಿ ಹತ್ತಾ? ನಾನು ಮಾತ್ರೆ ತಗೊಳ್ಳೋದು ಯಾವಾಗ?” ಅಂದರು.

ದಾರ ಹೋಗಿ ಒಣಗಿಹಾಕಿದ್ದ ನನ್ನದೇ ಅಂಗಿಗೆ ಸಿಕ್ಕಿಕೊಂಡಿತು. ದೊಡ್ಡ ಮೀನೇ.

ಏಜೆಂಟಿಗೆ ಹೂಂ ಅಂತ ಹೇಳಲಾ?

ತಮ್ಮ

*

ಫೆಬ್ರವರಿ 5

ತಮ್ಮಾ,

ಬೇಡ. ಹೂಂ ಅನ್ನಬೇಡ. ಮೆತ್ತನೆ ಸೀಟಿಗೆ ಬೆಂಕಿ ಬೀಳಲಿ.

ದೋಣಿ ಅಲುಗಾಡಿದರೆ ನನಗೆ ವಾಂತಿ ಬರುತ್ತದೆ. ಸಾಕಾ? ಈಗ ಅದಕ್ಕೆ ಮಾತ್ರೆ ಹುಡುಕಿಕೊಂಡು ಹೊರಡಬೇಡ.

ಏಜೆಂಟು ನನಗೂ ಫೋನು ಮಾಡಿದ್ದ. “ಮೇಡಂ, ನಿಮ್ಮ ತಮ್ಮ ದಿನಾ ಫೋನ್ ಮಾಡಿ ಅಲ್ಲಿ ಹಾವಿದೆಯಾ ಕೇಳ್ತಾರೆ” ಎಂದು ಅಳುವ ದನಿಯಲ್ಲಿ ಹೇಳಿದ. ಮಾರ್ಚಿನ ನಡುವಿನೊಳಗೆ ಜಾಗ ಹೇಳದಿದ್ದರೆ, ಸಮುದ್ರ ಹಿಂದೆ ಸರಿದು ಮೀನು ಕಾಣುವ ಏಪ್ರಿಲಿನ ಇಳಿತ ಈ ವರ್ಷಕ್ಕೆ ಮುಗಿದ ಕಥೆ. ಆಮೇಲೆ ಗಾಳಿ ಎದ್ದು ನೀರು ಕದಡಿಬಿಡುತ್ತದೆ, ಮೀನು ಕಾಣುವುದಿಲ್ಲ. ಮುಂದಿನ ವರ್ಷಕ್ಕೆ ನನ್ನ ಮೊಣಕಾಲು ಹೇಗಿರುತ್ತದೋ ಗೊತ್ತಿಲ್ಲ.

ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತಾರೆ. ಸರಿ, ಕೋಣ ನಾನೇ ಅಂತಿಟ್ಟುಕೋ. ನೀರಿಗೇ ಎಳೆಯುತ್ತಿದ್ದೇನೆ. ಬರುತ್ತೀಯಾ ಇಲ್ಲವಾ?

ಅಕ್ಕ

*

ಫೆಬ್ರವರಿ 14

ಅಕ್ಕಾ,

ನಿನ್ನ ಕಾಗದ ಓದಿದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ನಿನಗೆ ವಾಂತಿಯಾ? ಭಾವನ ಜೊತೆ ಅಷ್ಟು ವರ್ಷ ದೋಣಿಯಲ್ಲೇ ಹೋಗಿದ್ದೀಯ, ಒಂದು ದಿನ ಎದೆ ನೀವಿಕೊಂಡವಳಲ್ಲ. ಮೊದಲು ಸೊಂಟ, ಈಗ ವಾಂತಿ. ನಾನು ಓದಿದವನಲ್ಲ, ಆದರೆ ದಡ್ಡನಲ್ಲ. ದೋಣಿ ಅಂದರೆ ನಿನಗೆ ಭಾವ ನೆನಪಾಗುತ್ತಾರೆ. ಅದನ್ನು ಬಾಯಿಬಿಟ್ಟು ಹೇಳಲು ನಿನಗೆ ಆಗುತ್ತಿಲ್ಲ.

ನನಗೂ ನೆನಪಾಗುತ್ತಾರೆ ಅಕ್ಕಾ. ಶಾಲೆ ಬಿಟ್ಟು ಬೀದಿ ಅಳೆಯುತ್ತಿದ್ದವನ ಕೈಗೆ ಸ್ಪ್ಯಾನರು ಕೊಟ್ಟು, ಲಿಫ್ಟಿನ ಕೆಲಸ ಕಲಿಸಿ ಮನುಷ್ಯನನ್ನಾಗಿ ಮಾಡಿದವರು ಅವರು. ಕೆಲಸದ ಕೋಣೆಯಲ್ಲಿ ಮೋಟಾರಿನ ಮೇಲಿನ ಗೋಡೆಗೆ ಅವರ ಫೋಟೋ ತೂಗುಹಾಕಿದ್ದೇನೆ. ಗ್ರೀಸು ಕೈಯಲ್ಲಿ ಮುಟ್ಟುವುದಿಲ್ಲ.

ಹೆದರಿ ಓಡಿದರೆ ನೋವು ಹಿಂದೆಯೇ ಬರುತ್ತದೆ, ಎದುರು ಹೋಗಿ ನಿಂತರೇ ಹಗುರವಾಗುವುದು. ಅದಕ್ಕೆ ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಬೈಯಬೇಡ. ಮೂರೂ ಜಾಗ ಬಿಟ್ಟು, ನೀನೂ ಭಾವನೂ ಯಾವಾಗಲೂ ಹೋಗುತ್ತಿದ್ದ ಹಳೆಯ ಜಾಗವನ್ನೇ ಗೊತ್ತುಮಾಡಿದ್ದೇನೆ! ಅದೇ ದೋಣಿ, ಅದೇ ದೋಣಿಯವನು. ನಾನೇ ಮಾತಾಡಿದೆ. ಭಾವನ ಹೆಸರು ಹೇಳಿದ ಕೂಡಲೇ ಗುರುತು ಹಿಡಿದ. “ಅಮ್ಮಾವ್ರು ಬರ್ತಾರಾ? ಅವರ ಹಾಗೆ ಮೀನು ತೋರಿಸೋರನ್ನ ನಾನು ಕಂಡೇ ಇಲ್ಲ” ಎಂದ.

ನೀನು ಹಿಂದಿನ ಹಲಗೆಯ ಮೇಲೆ ನಿನ್ನ ಜಾಗದಲ್ಲೇ ಕೂತಿರು. ಮುಂದೆ, ಭಾವನ ಜಾಗದಲ್ಲಿ, ನಾನು ನಿಲ್ಲುತ್ತೇನೆ. ನೀನು ಗಂಟೆ ಕೂಗು, ನಾನು ಬೀಸುತ್ತೇನೆ. ಎಲ್ಲ ಮೊದಲಿನ ಹಾಗೇ.

ಇದನ್ನು ಓದುವಾಗ ಕಣ್ಣಲ್ಲಿ ನೀರು ಬಂದರೆ ಬರಲಿ, ತಡೆಯಬೇಡ.

ತಮ್ಮ

*

ಫೆಬ್ರವರಿ 28

ಅಕ್ಕಾ,

ಕಾಗದ ಬರಲಿಲ್ಲ. ಫೋನು ಮಾಡಿದರೆ ಕಟ್ ಮಾಡುತ್ತೀಯ. ಅಂಗಡಿಗೆ ಮಾಡಿದೆ, ಯಾರೋ ಹುಡುಗಿ ಎತ್ತಿ “ಅವರು ಇಲ್ಲ ಅಂತ ಹೇಳೋಕೆ ಹೇಳಿದ್ದಾರೆ” ಎಂದಳು. ಅಂದರೆ ಬದುಕಿದ್ದೀಯ. ಅಷ್ಟಾದರೂ ತಿಳಿಯಿತು.

ಇವಳನ್ನು ಕೇಳಿದೆ, “ನಾನು ಏನು ತಪ್ಪು ಬರೆದೆ, ಓದಿ ನೋಡು” ಎಂದು. ನಿನಗೆ ಕಳಿಸುವ ಮೊದಲು ಬರೆದಿಟ್ಟುಕೊಂಡಿದ್ದ ಕರಡು ಕೊಟ್ಟೆ. ಎರಡು ಸಲ ಓದಿ ನನ್ನ ಮುಖ ನೋಡಿದಳು. “ರೀ, ಅಕ್ಕಂಗೆ ಗಾಳ ಬೀಸೋಕೆ ಬರತ್ತಾ?” ಎಂದಳು. “ಬರದೆ ಏನು, ಭಾವನ ಜೊತೆ ಅಷ್ಟು ವರ್ಷ ಹೋಗಿದ್ದಾಳೆ” ಎಂದೆ. “ಹಂಗಾದ್ರೆ ನೀವ್ಯಾಕೆ ಮುಂದೆ ನಿಲ್ತೀರಿ?” ಎಂದು ಒಳಗೆ ಹೋದಳು. ಇದೇನು ಉತ್ತರವೋ, ಪ್ರಶ್ನೆಯೋ. ಈ ಮನೆಯಲ್ಲಿ ಯಾರೂ ನೆಟ್ಟಗೆ ಮಾತಾಡುವುದಿಲ್ಲ.

ಬೈದಾದರೂ ಬರಿ.

ತಮ್ಮ

*

ಮಾರ್ಚ್ 4

ತಮ್ಮಾ,

ಇದಕ್ಕೆ ಮುಂಚೆ ಬರೆದದ್ದನ್ನೆಲ್ಲ ಹರಿದುಹಾಕಿದೆ. ಅವನ್ನು ಕಳಿಸಿದ್ದರೆ ನೀನು ಈ ಜನ್ಮದಲ್ಲಿ ನನ್ನ ಮನೆ ಮೆಟ್ಟಿಲು ಹತ್ತುತ್ತಿರಲಿಲ್ಲ.

ಬೈಯಬೇಕಂತೆ. ಸರಿ, ಕೇಳು.

ಅಂಥ ದೋಣಿ ತೆಳುವಾದದ್ದು. ಮುಂದೆ ನಿಂತು ಗಾಳ ಬೀಸಲು ಒಬ್ಬರಿಗೆ ಮಾತ್ರ ಜಾಗ. ಇನ್ನೊಬ್ಬರು ಹಿಂದೆ ಕೂತಿರಬೇಕು, ಇಲ್ಲದಿದ್ದರೆ ದಾರ ಸುತ್ತಿಕೊಳ್ಳುತ್ತದೆ. ಒಂದು ಮೀನು ಇವರಿಗೆ, ಆಮೇಲೆ ಎದ್ದು ಜಾಗ ಬದಲಿಸಿ ಒಂದು ಮೀನು ಅವರಿಗೆ. ಎಲ್ಲ ದೋಣಿಗಳಲ್ಲೂ ಇದೇ ಪದ್ಧತಿ. ನಮ್ಮ ದೋಣಿಯಲ್ಲಿ ಮಾತ್ರ ಎರಡನೆಯ ಅರ್ಧ ಬರಲೇ ಇಲ್ಲ.

“ತಾಳು, ಇನ್ನೊಂದು ಹಿಡಿದುಬಿಡ್ತೀನಿ.” “ಈಗ ಗಾಳಿ ಜೋರಾಗಿದೆ, ನಿನ್ನ ಕೈಲಿ ಆಗಲ್ಲ.” “ನಿನ್ನ ಕಣ್ಣು ಚುರುಕು ಕಣೇ, ನೀನು ತೋರಿಸು.” ನಾನು ತೋರಿಸಿದೆ. ಹತ್ತು ಗಂಟೆ, ಎರಡು ಗಂಟೆ, ನಿಲ್ಲಿ, ಈಗ ಬಿಡಿ. ಕಂಡದ್ದು ನನ್ನ ಕಣ್ಣು, ಹಿಡಿದದ್ದು ಅವರ ಕೈ. ಊರಿಗೆ ಬಂದು ಎಲ್ಲರ ಮುಂದೆ ‘ನಾವು ಹಿಡಿದೆವು’ ಎನ್ನುತ್ತಿದ್ದರು. ನೀನೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ತಮ್ಮಾ, ನಾನು ಇವತ್ತಿನವರೆಗೆ ಒಂದೇ ಒಂದು ಬೋನ್‌ಫಿಶ್ ಹಿಡಿದಿಲ್ಲ.

ಅವರು ಕೆಟ್ಟವರಾಗಿರಲಿಲ್ಲ. ಗದರಿದವರಲ್ಲ. ಮೀನು ಸಿಕ್ಕಾಗ ತಿರುಗಿ ನನ್ನ ಮುಖ ನೋಡಿ ನಗುತ್ತಿದ್ದರು, ಆ ನಗುವಿಗೆ ನಾನೂ ಸುಮ್ಮನಾಗುತ್ತಿದ್ದೆ. ಜಗಳ ಆಡುವಷ್ಟು ದೊಡ್ಡ ವಿಷಯವೂ ಅಲ್ಲ, ಮರೆಯುವಷ್ಟು ಸಣ್ಣದೂ ಅಲ್ಲ. ಯಾರ ಹತ್ತಿರ ಹೇಳಲಿ? ನಿನ್ನ ಹತ್ತಿರವಾ? ನಿನಗೆ ಅವರು ದೇವರು. ಹೋದವರ ಮೇಲೆ, ಅದೂ ನಿನ್ನೆದುರು, ಹೇಗೆ ದೂರಲಿ? ಅದಕ್ಕೇ ಸೊಂಟ. ಅದಕ್ಕೇ ವಾಂತಿ.

ನನ್ನ ಕಾಲ ಮೇಲೆ ನಿಂತು, ನನ್ನ ಕೈಯಲ್ಲಿ ಒಂದು ಮೀನು. ಬೇರೇನೂ ಬೇಡವಾಗಿತ್ತು. ನೀನು ನನ್ನನ್ನು ಕರೆದೊಯ್ದು ಅದೇ ಹಲಗೆಯ ಮೇಲೆ ಕೂರಿಸಿ, ಮುಂದೆ ನೀನು ನಿಲ್ಲುತ್ತೀಯಂತೆ. ಶಭಾಷ್. ನಿನ್ನ ಹೆಂಡತಿ ಎರಡು ಸಲ ಓದಿ ತಿಳಿದದ್ದು ನಿನಗೆ ನೂರು ಸಲ ಓದಿದರೂ ತಿಳಿಯುವುದಿಲ್ಲ.

ಅಕ್ಕ

*

ಮಾರ್ಚ್ 9

ಅಕ್ಕಾ,

ನಿನ್ನ ಕಾಗದವನ್ನು ಲಿಫ್ಟಿನ ತಲೆಯ ಮೇಲೆ ಕೂತು ಓದಿದೆ. ಮನೆಗೆ ಹೋಗುವವರೆಗೆ ತಾಳಲಾಗಲಿಲ್ಲ. ಮೇಲಿನ ಮಹಡಿಗಳಲ್ಲೆಲ್ಲ ಜನ ಗುಂಡಿ ಒತ್ತಿ ಒತ್ತಿ ಬೈಯುತ್ತಿದ್ದರು. ಬೈಯಲಿ ಎಂದು ಕೊನೆಯ ಸಾಲಿನವರೆಗೆ ಓದಿದೆ.

ಆಮೇಲೆ ಮೋಟಾರು ಕೋಣೆಗೆ ಹೋದೆ. ಭಾವನ ಫೋಟೋದ ಮುಂದೆ ನಿಂತು, “ಒಂದು ಸಲ, ಒಂದೇ ಒಂದು ಸಲ ಎದ್ದು ಜಾಗ ಕೊಡಬಾರದಿತ್ತಾ ಪುಣ್ಯಾತ್ಮರೇ?” ಎಂದು ಕೇಳಿದೆ. ಜೋರಾಗಿಯೇ ಕೇಳಿದೆ. ಅವರೊಡನೆ ನಾನು ದನಿಯೆತ್ತಿದ್ದು ಇದೇ ಮೊದಲು. ಫೋಟೋ ತೆಗೆದಿಲ್ಲ. ತೆಗೆಯಲು ಕೈ ಬರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಹಳೆಯ ಜಾಗ ಬೇಡವೆಂದು ಹೇಳಿದೆ. ಮರಳ ದಿಬ್ಬವನ್ನೇ ಗೊತ್ತುಮಾಡಿದೆ. ಏಜೆಂಟು ಎಷ್ಟು ಖುಷಿಪಟ್ಟನೆಂದರೆ, ಹಾವಿದೆಯಾ ಎಂದು ಕೇಳುವ ಮೊದಲೇ “ಇಲ್ಲ ಸಾರ್, ಒಂದೂ ಇಲ್ಲ” ಎಂದ.

ಆದರೆ ಪುಸ್ತಿಕೆಯನ್ನು ಈಗ ಸರಿಯಾಗಿ ಓದಿದೆ. ದೋಣಿಯಿರುವ ಕಡೆ ಜೋಡಿಯಾಗಿಯೇ ಬರಬೇಕು. ಮರಳ ದಿಬ್ಬಕ್ಕೆ ಹಾಗಿಲ್ಲ, ಒಬ್ಬರೇ ಬಂದರೂ ಆದೀತು ಎಂದಿದೆ. ಅದು ನಿನಗೆ ಮೊದಲೇ ಗೊತ್ತಿತ್ತು. ಹಾಗಾದರೆ ನನ್ನನ್ನು ಕರೆದದ್ದೇಕೆ? ನಾನು ಮಾಡಿದ್ದಕ್ಕೆಲ್ಲ ನೀನೊಬ್ಬಳೇ ಹೋಗುವುದೇ ವಾಸಿಯೇನೋ. ಬರಬೇಡ ಅಂದರೆ ಬರುವುದಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳುವುದೂ ಇಲ್ಲ. (ಹಚ್ಚಿಕೊಳ್ಳುತ್ತೇನೆ.)

ತಮ್ಮ

*

ಮಾರ್ಚ್ 15

ಲೋ,

ಯಾಕೆ ಕರೆದೆ ಅಂದರೆ, ಹಿಡಿದಾಗ ನಮ್ಮವರು ಅಂತ ಒಬ್ಬರಾದರೂ ನೋಡಬೇಕಲ್ಲ ಕಣೋ. ಅಷ್ಟೂ ತಿಳಿಯುವುದಿಲ್ಲವಾ?

ಗಟ್ಟಿ ಅಡಿಯ ಬೂಟು ತಗೋ. ಕನ್ನಡಕ ನಾನು ಮಾಡಿಸಿ ತರುತ್ತೇನೆ, ನೀರಿನ ಹೊಳಪು ಕಳೆದು ಒಳಗೆ ಕಾಣುವಂಥದು. ಇನ್ನು ಒಂದೇ ಒಂದು ಪ್ರಶ್ನೆ ಬರೆದರೂ ಒಬ್ಬಳೇ ಹೋಗುತ್ತೇನೆ.

ಅಕ್ಕ

*

ಏಪ್ರಿಲ್ 19

ತಮ್ಮಾ,

ನೀನು ಕ್ಷೇಮವಾಗಿ ಮನೆ ಸೇರಿರುತ್ತೀಯ. ಫೆರ್ರಿಯ ಅಂಚಿಗೆ ಬಾರದೆ ನಡುವಿನ ಕಂಬ ತಬ್ಬಿಕೊಂಡೇ ಕೈಬೀಸಿದವನಿಗೆ ಏನಾದೀತು?

ರಜೆ ಇದ್ದದ್ದೇ ಅಷ್ಟು, ನೀನು ಹೊರಡಲೇಬೇಕಿತ್ತು, ಒಪ್ಪುತ್ತೇನೆ. ಆದರೆ ಇದ್ದಷ್ಟು ದಿನ ನೀನು ಮಾಡಿದ್ದನ್ನು ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಕಾಲು ಎಳೆದುಕೊಂಡು ನಡೆ ಅಂದರೆ, ಕಲ್ಲಿನ ಮೇಲೆ ಬಟ್ಟೆ ಒಗೆಯುವಂತೆ ನೀರು ಬಡಿದೆ. ನಿನ್ನ ನೆರಳನ್ನೇ ನೋಡಿ “ತೊರಕೆ!” ಎಂದು ಕೂಗಿದೆ. ಒಮ್ಮೆ ಮೀನಿನ ಹಿಂಡೇ ನನ್ನ ಕಡೆ ತಿರುಗಿತ್ತು, ಕೈ ಎತ್ತಿದ್ದೆ, ಅಷ್ಟರಲ್ಲಿ ಹಿಂದಿನಿಂದ “ಅಕ್ಕಾ, ಟೋಪಿ ಹಾಕ್ಕೋ!” ಎಂದೆ. ಆ ಹಿಂಡು ಇನ್ನೂ ಓಡುತ್ತಿರಬೇಕು.

ನೀನು ಹೋದ ಮರುದಿನ ಇಳಿತದ ಹೊತ್ತಿಗೆ ಒಬ್ಬಳೇ ಹೋದೆ. ಗಾಳಿ ಇರಲಿಲ್ಲ. ಬೆನ್ನಿಗೆ ಬಿಸಿಲು. ಬಹಳ ಹೊತ್ತು ಏನೂ ಇಲ್ಲ, ಬರೀ ನೀರು, ಬರೀ ಮರಳು. ಆಮೇಲೆ ಎಡಗಡೆ ಒಂದು ಬಾಲದ ತುದಿ ನೀರಿನಿಂದ ಮೇಲೆ ಬಂತು. ಬಾಯಿ ತೆರೆದೆ, ಗಂಟೆ ಕೂಗಲು. ಕೂಗಿ ಯಾರಿಗೆ ಹೇಳಲಿ? ಬಾಯಿ ಮುಚ್ಚಿ ಬೀಸಿದೆ. ಸಿಗಡಿ ಅದರ ಮುಂದೆ, ಸ್ವಲ್ಪ ಆಚೆ ಬಿತ್ತು. ಮೆಲ್ಲಗೆ ಎಳೆದೆ. ಅದು ತಿರುಗಿತು, ಹಿಂಬಾಲಿಸಿತು, ನಿಂತಿತು, ಕಚ್ಚಿತು.

ಆಮೇಲೆ ಓಡಿತು ನೋಡು! ನನಗೆ ಅಷ್ಟು ವರ್ಷ ಹಿಂದೆ ಕೂತು ನೋಡಿ ಗೊತ್ತಿದ್ದದ್ದೆಲ್ಲ ಏನೂ ಅಲ್ಲ. ರೀಲು ಕಿರುಚಿತು, ದಾರ ಹೆಬ್ಬೆರಳನ್ನು ಸೀಳಿಕೊಂಡೇ ಹೋಯಿತು. ಬಂತು, ಮತ್ತೆ ಓಡಿತು, ಮತ್ತೆ ಬಂತು. ಕೊನೆಗೆ ಕೈ ಒದ್ದೆ ಮಾಡಿಕೊಂಡು ಹೊಟ್ಟೆಯಡಿ ಹಿಡಿದೆ. ಕನ್ನಡಿಯ ಹಾಗೆ, ಆಕಾಶವೆಲ್ಲ ಅದರ ಮೈಮೇಲೆ. ಕೊಕ್ಕೆ ಬಿಡಿಸಿ, ಉಸಿರು ತಿರುಗುವವರೆಗೆ ನೀರಲ್ಲೇ ಆನಿಸಿ ಹಿಡಿದಿದ್ದು, ಕೈ ತೆರೆದೆ.

ತಲೆಯೆತ್ತಿ ನೋಡಿದೆ. ಯಾರೂ ಇಲ್ಲ, ದಡದಲ್ಲಿ ಒಂದು ಕೊಕ್ಕರೆ. ಒಂದು ಕ್ಷಣ ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ನಗು ಬಂತು. ಯಾರ ಮುಖವನ್ನೂ ತಿರುಗಿ ನೋಡಬೇಕಾಗಿರಲಿಲ್ಲ. ಅಲ್ಲೇ ನೀರಲ್ಲಿ ಕೂತುಬಿಟ್ಟೆ, ಸೊಂಟದವರೆಗೆ, ಬಟ್ಟೆ ಸಮೇತ.

ಫೋಟೋ ಇಲ್ಲ. ಫೋನು ಕೋಣೆಯಲ್ಲಿತ್ತು, ಒದ್ದೆಯಾಗುತ್ತದೆಂದು ನೀನೇ ಇಡಿಸಿದ್ದೆ. ನಂಬಿದರೆ ನಂಬು, ಬಿಟ್ಟರೆ ಬಿಡು.

ಅಕ್ಕ

*

ಏಪ್ರಿಲ್ 30

ಅಕ್ಕಾ,

ನಾನಿದ್ದಷ್ಟು ದಿನ ಆ ಮೀನಿಗೆ ಏನಾಗಿತ್ತು ಅಂತ? ಮೂಗಿನ ಚರ್ಮ ಸುಟ್ಟು ಇನ್ನೂ ಸುಲಿಯುತ್ತಿದೆ, ಬೂಟಿನೊಳಗಿನ ಮರಳು ಮನೆಯೆಲ್ಲ ಹರಡಿ ಇವಳು ದಿನಾ ಗುಡಿಸಿ ಗುಡಿಸಿ ಗೊಣಗುತ್ತಾಳೆ, ಇಷ್ಟೆಲ್ಲ ಮಾಡಿದವನಿಗೆ ಕಾಣಿಸಿಕೊಳ್ಳದೆ ಮರುದಿನ ಬರುತ್ತದೆಯಾ? ಮೀನಿಗೂ ನನ್ನನ್ನು ಕಂಡರೆ ಆಗುವುದಿಲ್ಲ.

ಹೆಬ್ಬೆರಳಿಗೆ ಔಷಧಿ ಹಚ್ಚಿದೆಯಾ? ಉಪ್ಪುನೀರಿನ ಗಾಯ ಒಳಗೊಳಗೇ ಕೀವಾಗುತ್ತದಂತೆ. ಡಾಕ್ಟರ ಫೆರ್ರಿ ಬಂದಿತ್ತಾ?

ನಿನ್ನ ಕಾಗದವನ್ನು ಇವಳಿಗೆ ಓದಿ ಹೇಳಿದೆ. ನೀರಲ್ಲಿ ಕೂತೆ ಅನ್ನುವಲ್ಲಿಗೆ ಬಂದಾಗ ಕಾಗದವನ್ನು ಅವಳ ಕೈಗೆ ಕೊಟ್ಟೆ, ಮುಂದಿನದನ್ನು ಅವಳೇ ಓದಿಕೊಂಡಳು.

ಇವತ್ತು ಕೆಲಸದಲ್ಲಿ ತಡೆಯಲಾಗದೆ ವಾಚ್‌ಮನ್‌ಗೆ ಹೇಳಿದೆ. “ನಮ್ಮಕ್ಕ ಬೋನ್‌ಫಿಶ್ ಹಿಡಿದಳು” ಎಂದೆ.

“ನೀವು ನೋಡಿದ್ರಾ?”

“ಇಲ್ಲ, ನಾನು ಹಿಂದಿನ ದಿನ ಹೊರಟೆ.”

“ಫೋಟೋ?”

“ಇಲ್ಲ.”

“ಹೋಗ್ಲಿ, ಮೀನೆಲ್ಲಿ?”

“ಬಿಟ್ಟುಬಿಟ್ಟಳು.”

“ಹಂಗಾದ್ರೆ...” ಎಂದು ಹಲ್ಲು ಕಿರಿದ.

“ಹಂಗಾದ್ರೆ ಗಿಂಗಾದ್ರೆ ಏನಿಲ್ಲ ಕಣಯ್ಯ. ನಮ್ಮಕ್ಕ ಹಿಡಿದಳು. ಮುಗೀತು.”

ಅವನು ನಗುತ್ತಲೇ ಕೈಯಲ್ಲಿ ಯಾರದೋ ಗ್ಯಾಸ್ ಸಿಲಿಂಡರು ಹಿಡಿದು ಲಿಫ್ಟಿನ ಕಡೆ ಹೊರಟ. ಎಂಟನೇ ಮಹಡಿಗಂತೆ. ನಾನು ಓಡಿಹೋಗಿ ಬಾಗಿಲಿಗೆ ‘ರಿಪೇರಿಯಲ್ಲಿದೆ’ ಬೋರ್ಡು ತಗುಲಿಸಿದೆ.

ತಮ್ಮ